ವೇಷ ಕಟ್ಟಿದವರಿಗೆ ಶ್ರದ್ಧೆ ಇಲ್ಲವೆನ್ನಬೇಡಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಮೇ 4ರ ‘ಸ್ಟಾರ್ ವಾರ್ಸ್ ದಿನ’ದ ನಿಮಿತ್ತ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ವೇಲ್ಸ್‌ನ ಕಾರ್ಡಿಫ್‌ನಲ್ಲಿ ಕುಳಿತು ಓದಿದೆ. ಸಿನಿಮಾ ಕಥೆಯೊಂದರಿಂದ ಹುಟ್ಟಿಕೊಂಡ ಜೆಡೈ ಪಂಥದ ವಿಷಯ ಕನ್ನಡದಲ್ಲಿ ಚರ್ಚೆಗೆ ಬರುವುದೇ ಅಪರೂಪವಾದ್ದರಿಂದ ಸಂತೋಷವಾಯಿತು. ಆದರೆ ಲೇಖನದ ಜೊತೆಗಿದ್ದ ಚಿತ್ರದಲ್ಲಿ ಬಿಳಿ ಕವಚ ತೊಟ್ಟು ಸಾಲಾಗಿ ನಿಂತವರನ್ನು ‘ಜೆಡೈ ಧರ್ಮದ ಅನುಯಾಯಿಗಳು’ ಎಂದು ಪರಿಚಯಿಸಲಾಗಿತ್ತು. ಆ ಬಿಳಿ ಕವಚ ಸ್ಟಾರ್ಮ್‌ಟ್ರೂಪರ್‌ಗಳದು, ಅಂದರೆ ಕಥೆಯಲ್ಲಿ ಜೆಡೈಗಳಿಗೆ ವೈರಿಯಾದ ಸಾಮ್ರಾಜ್ಯದ ಸೈನಿಕರದು. ಅದನ್ನು ತೊಡುವವರು ಸಾಮಾನ್ಯವಾಗಿ ಯಾವ ಪಂಥಕ್ಕೂ ಸೇರದ ಅಭಿಮಾನಿಗಳು. ಇಷ್ಟೇ ಆಗಿದ್ದರೆ ತಿದ್ದುಪಡಿಗೆ ಎರಡು ಸಾಲು ಸಾಕಾಗುತ್ತಿತ್ತು. ನಾನು ದೀರ್ಘವಾಗಿ ಬರೆಯುತ್ತಿರುವ ಕಾರಣ ಬೇರೆ ಇದೆ. ವೇಷ ಕಟ್ಟುವವರನ್ನೂ ನಂಬಿಕೆಯಿಂದ ನಡೆಯುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಈ ಅಭ್ಯಾಸದಿಂದ ಬೇಸತ್ತಿರುವ ಜೆಡೈ ಪಂಥದವರು ಈಗ ತಮ್ಮೊಳಗೇ ಇರುವ ವೇಷಧಾರಿಗಳನ್ನು ಕೀಳಾಗಿ ಕಾಣತೊಡಗಿದ್ದಾರೆ. ಅದು ಅನ್ಯಾಯ ಎಂದು ನನಗೆ ಅನ್ನಿಸಿದೆ.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಜಾರ್ಜ್ ಲೂಕಸ್ ಅವರ ಮೊದಲ ‘ಸ್ಟಾರ್ ವಾರ್ಸ್’ ಸಿನಿಮಾ ಅಮೆರಿಕದಲ್ಲಿ ತೆರೆ ಕಂಡದ್ದು 1977ರ ಮೇ 25ರಂದು. ಅದರಲ್ಲಿ ಬರುವ ಜೆಡೈಗಳು ಯೋಧರೂ ಹೌದು, ವಿರಕ್ತರೂ ಹೌದು. ಜೀವವಿರುವ ಎಲ್ಲವನ್ನೂ ಒಂದಕ್ಕೊಂದು ಬೆಸೆದಿರುವ ‘ಫೋರ್ಸ್’ ಎಂಬ ಶಕ್ತಿಗೆ ಕಿವಿಗೊಟ್ಟು ನಡೆಯುವುದು ಅವರ ಸಾಧನೆ. ಯುವಜನರಲ್ಲಿ ಅಧ್ಯಾತ್ಮದ ಕಡೆಗೆ ಒಂದು ಎಚ್ಚರ ಮೂಡಲಿ ಎಂಬ ಉದ್ದೇಶದಿಂದಲೇ ಈ ಕಲ್ಪನೆಯನ್ನು ಕಥೆಯೊಳಗೆ ತಂದೆನೆಂದು ಲೂಕಸ್ 1999ರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಕೆಲವರಲ್ಲಿ ಆ ಎಚ್ಚರ ನಿಜವಾಗಿಯೂ ಮೂಡಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ‘ಟೆಂಪಲ್ ಆಫ್ ದಿ ಜೆಡೈ ಆರ್ಡರ್’ 2005ರಲ್ಲಿ ನೋಂದಣಿಯಾಯಿತು. 2007ರಲ್ಲಿ ಇಲ್ಲಿನ ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ ಇಬ್ಬರು ಸಹೋದರರು ‘ಚರ್ಚ್ ಆಫ್ ಜೆಡಿಯಿಸಂ’ ಸ್ಥಾಪಿಸಿದರು. ಇವರಲ್ಲಿ ಯಾರೂ ಸಿನಿಮಾದ ಪಾತ್ರಗಳನ್ನು ಪೂಜಿಸುವುದಿಲ್ಲ. ಧ್ಯಾನ, ಕೋಪದ ಮೇಲೆ ಹಿಡಿತ, ನೆರೆಹೊರೆಯವರ ಸೇವೆ, ಇವೇ ಅವರ ದಿನಚರಿ. ಟೆಕ್ಸಾಸ್‌ನ ಮಂದಿರದವರು ಹೇಳುವ ಪ್ರತಿಜ್ಞೆಯು ಸಂತ ಫ್ರಾನ್ಸಿಸ್‌ರ ಹೆಸರಿನಲ್ಲಿ ಪ್ರಚಲಿತವಿರುವ ಶಾಂತಿಯ ಪ್ರಾರ್ಥನೆಯನ್ನೇ ತುಸು ಬದಲಿಸಿಕೊಂಡದ್ದು.

ಇವರು ಅನುಭವಿಸಿರುವ ಅಪಹಾಸ್ಯವೂ ಸಣ್ಣದಲ್ಲ. 2001ರ ಇಂಗ್ಲೆಂಡ್ ಮತ್ತು ವೇಲ್ಸ್ ಜನಗಣತಿಯಲ್ಲಿ ಧರ್ಮದ ಪ್ರಶ್ನೆಗೆ 3,90,127 ಮಂದಿ ‘ಜೆಡೈ’ ಎಂದು ಬರೆದರು. ಹಾಗೆ ಬರೆಯಿರಿ ಎಂದು ಕೈಯಿಂದ ಕೈಗೆ ಹರಿದಾಡಿದ ಇ-ಮೇಲ್ ಇದಕ್ಕೆ ಕಾರಣವಾಗಿತ್ತು, ಬರೆದವರಲ್ಲಿ ಬಹುಪಾಲು ಜನರಿಗೆ ಅದೊಂದು ತಮಾಷೆ. 2011ರ ಗಣತಿಯಲ್ಲಿ ಸಂಖ್ಯೆ 1,76,632ಕ್ಕೆ ಇಳಿಯಿತು. ತಮಾಷೆ ಮಾಡಿದವರು ಮರೆತುಬಿಟ್ಟರು. ಆದರೆ ತನ್ನ ನಂಬಿಕೆಯನ್ನು ಮನಸ್ಸಿಟ್ಟು ಬರೆದ ಬೆರಳೆಣಿಕೆಯ ಮಂದಿಗೆ ಆ ತಮಾಷೆಯ ನೆರಳು ಇಂದಿಗೂ ತಪ್ಪಿಲ್ಲ. 2008ರಲ್ಲಿ ಆಂಗಲ್ಸೀಯ ಹೋಲಿಹೆಡ್ ಊರಿನಲ್ಲಿ ಕುಡಿದ ಮತ್ತಿನಲ್ಲಿದ್ದ ಒಬ್ಬಾತ ಕಸ ತುಂಬುವ ಕಪ್ಪು ಚೀಲವನ್ನು ಹೊದ್ದು, ಖಳನಾಯಕ ಡಾರ್ತ್ ವೇಡರ್‌ನ ಸೋಗಿನಲ್ಲಿ ಬಂದು ಆ ಚರ್ಚಿನ ಸ್ಥಾಪಕರಲ್ಲಿ ಒಬ್ಬರ ಮೇಲೆ ಲೋಹದ ಊರುಗೋಲಿನಿಂದ ಹಲ್ಲೆ ಮಾಡಿದ. ಪ್ರಕರಣ ನ್ಯಾಯಾಲಯದವರೆಗೂ ಹೋಯಿತು, ಆದರೆ ಪತ್ರಿಕೆಗಳಲ್ಲಿ ಅದು ನಗೆಸುದ್ದಿಯಾಗಿಯೇ ಹೆಚ್ಚು ಓಡಿತು. ಮರುವರ್ಷ ಅದೇ ಚರ್ಚಿನ ಇನ್ನೊಬ್ಬ ಸ್ಥಾಪಕರಿಗೆ ಬ್ಯಾಂಗರ್ ಪಟ್ಟಣದ ಸೂಪರ್ ಮಾರ್ಕೆಟ್ ಒಂದರಲ್ಲಿ ತಲೆಯ ಮೇಲಿನ ಮುಸುಕನ್ನು ತೆಗೆಯುವಂತೆ ಹೇಳಿದಾಗಲೂ ಹಾಗೆಯೇ ಆಯಿತು. ಹೊಡೆತ ತಿಂದವನ ನೋವನ್ನು ಕೇಳುವವರಿಲ್ಲದೆ, ಹೊಡೆದವನ ವೇಷವೇ ಸುದ್ದಿಯಾಗುವ ಸ್ಥಿತಿಯಲ್ಲಿ ಬದುಕುವವರಿಗೆ ‘ವೇಷ’ ಎಂಬ ಪದ ಕೇಳಿದರೇ ಮೈ ಉರಿಯುವುದು ಸಹಜ ಎಂದು ನಾನು ಒಪ್ಪುತ್ತೇನೆ.

ಆ ಉರಿ ಎಲ್ಲಿಗೆ ಹೋಗಿ ಮುಟ್ಟಿದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ನಾನು ಇಲ್ಲಿನ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಹಲವು ವರ್ಷಗಳಿಂದ ಜೆಡೈ ಸಾಧನೆಯಲ್ಲಿ ತೊಡಗಿರುವವರು. ಅವರ ಆಹ್ವಾನದ ಮೇರೆಗೆ ಅವರ ಪುಟ್ಟ ಗುಂಪಿನ ಧ್ಯಾನಕ್ಕೆ ಮೂರ್ನಾಲ್ಕು ಬಾರಿ ಹೋಗಿದ್ದೇನೆ. ಹನ್ನೆರಡು ಹದಿಮೂರು ಜನ ಉದ್ಯಾನದ ಮರದಡಿ ಅರ್ಧ ಗಂಟೆ ಸುಮ್ಮನೆ ಕೂರುತ್ತಾರೆ, ಆಮೇಲೆ ವಾರದಲ್ಲಿ ತಾವು ಎಲ್ಲಿ ತಾಳ್ಮೆ ಕಳೆದುಕೊಂಡೆವು ಎಂಬುದನ್ನು ಒಬ್ಬೊಬ್ಬರಾಗಿ ಹೇಳಿಕೊಳ್ಳುತ್ತಾರೆ. ನನಗೆ ಅದು ಹಿಡಿಸಿತು. ಹೀಗೊಂದು ದಿನ ಇಪ್ಪತ್ತು ದಾಟಿರಬಹುದಾದ ಹುಡುಗನೊಬ್ಬ ಕಂದು ಬಣ್ಣದ ಉದ್ದ ನಿಲುವಂಗಿ ತೊಟ್ಟು ಬಂದ. ಹಳೆಯ ಉಣ್ಣೆಯ ಕಂಬಳಿಯಿಂದ ತಾನೇ ಹೊಲಿದದ್ದಂತೆ. ಅದಕ್ಕೆಂದೇ ಒಂದು ಚಳಿಗಾಲವಿಡೀ ಹೊಲಿಗೆ ಕಲಿತದ್ದನ್ನೂ, ಅಂಚು ಸರಿಬಾರದೆ ಮೂರು ಸಲ ಬಿಚ್ಚಿ ಹೊಲಿದದ್ದನ್ನೂ ಅವನು ನನಗೆ ತೋರಿಸಿ ಹೇಳಿದ. ಅಷ್ಟರಲ್ಲಿ ಗುಂಪಿನ ಹಿರಿಯರೊಬ್ಬರು ಹತ್ತಿರ ಬಂದು, ಇದು ರೋಲ್‌ಪ್ಲೇ, ಅಂದರೆ ಪಾತ್ರ ವಹಿಸುವ ಆಟ, ಆಡುವ ಜಾಗವಲ್ಲ, ಅದನ್ನು ತೆಗೆದಿಟ್ಟು ಕೂರಬಹುದು ಎಂದರು. ದನಿ ಏರಿಸಲಿಲ್ಲ, ನಗುಮುಖದಿಂದಲೇ ಹೇಳಿದರು. ಹುಡುಗ ನಿಲುವಂಗಿಯನ್ನು ಕಳಚಿ, ಮಡಚಿ ಚೀಲದಲ್ಲಿಟ್ಟು, ತೆಳು ಅಂಗಿಯಲ್ಲಿ ಚಳಿಗೆ ಮುದುಡಿಕೊಂಡು ಧ್ಯಾನಕ್ಕೆ ಕುಳಿತ. ಅಂದು ನನಗೆ ಧ್ಯಾನ ಕೂಡಿಬರಲಿಲ್ಲ.

ಹಿಂದಿರುಗುವಾಗ ಸಹೋದ್ಯೋಗಿಯನ್ನು ವಿಚಾರಿಸಿದೆ. ‘ರೋಲ್‌ಪ್ಲೇಯರ್’ ಎಂಬುದು ಅವರ ವಲಯದಲ್ಲಿ ಹೆಚ್ಚುಕಡಿಮೆ ಬೈಗುಳದ ಮಾತು ಎಂದು ತಿಳಿಯಿತು. ತಮ್ಮನ್ನು ‘ಜೆಡೈ ರಿಯಲಿಸ್ಟ್’ ಎಂದು ಕರೆದುಕೊಳ್ಳುವವರಂತೂ ನಿಲುವಂಗಿ, ಬೆಳಕಿನ ಕತ್ತಿ, ಕಲ್ಪಿತ ಹೆಸರು ಇವುಗಳಲ್ಲಿ ಯಾವುದನ್ನು ಕಂಡರೂ ಅಂಥವರಲ್ಲಿ ಸಾಧನೆ ಇಲ್ಲವೆಂದೇ ತೀರ್ಮಾನಿಸುತ್ತಾರಂತೆ. ನಾವು ನಿಜವಾಗಿ ಬದುಕುವವರು, ಅವರು ಆಡುವವರು ಎಂಬುದು ಅವರ ಗೆರೆ.

ಈ ಗೆರೆ ಇತಿಹಾಸದ ಮುಂದೆ ನಿಲ್ಲುವುದಿಲ್ಲ ಎಂಬುದು ನನ್ನ ಮೊದಲ ಮಾತು. ಜೆಡೈಗಳು ಮನನ ಮಾಡುವ ನೀತಿಸೂತ್ರವೊಂದಿದೆ. ಉದ್ವೇಗದ ಜಾಗದಲ್ಲಿ ಶಾಂತಿ, ಅಜ್ಞಾನದ ಜಾಗದಲ್ಲಿ ಅರಿವು ಎಂಬ ಅರ್ಥದಲ್ಲಿ ಅದು ಸಾಗುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅದನ್ನು ಹೇಳಿಕೊಳ್ಳುವವರಿದ್ದಾರೆ, ರಿಯಲಿಸ್ಟರೂ ಅದನ್ನು ವಾಕ್ಯವಾಕ್ಯವಾಗಿ ವ್ಯಾಖ್ಯಾನಿಸುತ್ತಾರೆ. ಆ ಸೂತ್ರ 1977ರ ಸಿನಿಮಾದಲ್ಲಿ ಇರಲಿಲ್ಲ. ಅದು ಮೊದಲು ಅಚ್ಚಾದದ್ದು 1987ರಲ್ಲಿ ವೆಸ್ಟ್ ಎಂಡ್ ಗೇಮ್ಸ್ ಎಂಬ ಅಮೆರಿಕದ ಸಂಸ್ಥೆ ಹೊರತಂದ ಆಟದ ನಿಯಮಪುಸ್ತಕದಲ್ಲಿ. ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುವ ರೋಲ್‌ಪ್ಲೇ ಆಟ ಅದು. ಜೆಡೈ ಪಾತ್ರ ವಹಿಸಿದವರು ಹೇಗೆ ಯೋಚಿಸಬೇಕು ಎಂಬುದಕ್ಕಾಗಿ ಬರೆದ ಸಾಲುಗಳೇ ಇಂದು ಧ್ಯಾನದ ಸಾಲುಗಳಾಗಿವೆ. 1990ರ ದಶಕದ ಕೊನೆಯಲ್ಲಿ, ಈ ಪಂಥಕ್ಕೆ ಇನ್ನೂ ಮಂದಿರವಾಗಲಿ ನೋಂದಣಿಯಾಗಲಿ ಇಲ್ಲದ ಕಾಲದಲ್ಲಿ, ಇಂಥ ಪಾತ್ರಗಳನ್ನು ಆಡುತ್ತಿದ್ದವರಲ್ಲಿ ಕೆಲವರು, ಆಟ ಮುಗಿದ ಮೇಲೂ ಈ ನೀತಿ ನಮ್ಮಲ್ಲಿ ಉಳಿದುಬಿಟ್ಟಿದೆಯಲ್ಲ ಎಂದು ಗಮನಿಸಿ, ಅದನ್ನು ಬದುಕಿನಲ್ಲಿ ತರುವುದು ಹೇಗೆಂದು ಪರಸ್ಪರ ಕೇಳಿಕೊಂಡದ್ದರಿಂದಲೂ ಈ ಸಮುದಾಯ ರೂಪುಗೊಂಡಿತು. ಪಾತ್ರ ವಹಿಸಿದವರು ಮೊದಲು ಬಂದರು, ಪಂಥ ಅವರ ಹಿಂದೆ ಬಂತು. ತಾಯಿಯ ಭಾಷೆಯನ್ನು ಆಡುತ್ತಲೇ ತಾಯಿಯನ್ನು ಜಗಲಿಯ ಆಚೆಗೆ ಕೂರಿಸುವುದು ಸರಿಯೇ?

ನಿಲುವಂಗಿಯ ವಿಷಯವೂ ಹಾಗೆಯೇ. ಮೊದಲ ಸಿನಿಮಾದಲ್ಲಿ ಅದು ಮರುಭೂಮಿಯಲ್ಲಿ ತಲೆಮರೆಸಿಕೊಂಡಿದ್ದ ಮುದುಕನೊಬ್ಬನ ಬಟ್ಟೆ, ಅಲ್ಲಿನ ರೈತನೂ ಹೆಚ್ಚುಕಡಿಮೆ ಅದನ್ನೇ ತೊಟ್ಟಿರುತ್ತಾನೆ. ಅದು ಇಡೀ ಜೆಡೈ ಗಣದ ಸಮವಸ್ತ್ರವಾಗಿ ನೆಲೆಗೊಂಡದ್ದು 1999ರ ಸಿನಿಮಾದಿಂದೀಚೆಗೆ. ಬಿಸಿಲಿಗೂ ಧೂಳಿಗೂ ಹೊದ್ದ ಸಾಮಾನ್ಯ ಬಟ್ಟೆಯಲ್ಲಿ ವೈರಾಗ್ಯದ ಗುರುತನ್ನು ಕಂಡುಕೊಂಡವರು ನೋಡುಗರು.

ನನ್ನ ಎರಡನೆಯ ಮಾತು ಹುಟ್ಟಿದ ಮನೆಯಿಂದ ಬಂದದ್ದು. ನನ್ನೂರು ಮೂಲ್ಕಿಯ ಸಮೀಪ. ನಮ್ಮ ತಂದೆ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷ ಕಟ್ಟುತ್ತಿದ್ದವರು. ಮಹಿಷಾಸುರನಂಥ ಅಸುರ ಪಾತ್ರಗಳೇ ಅವರ ಪಾಲಿನವು. ಚಿಕ್ಕಂದಿನಲ್ಲಿ ಅವರ ಜೊತೆ, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ಎಷ್ಟೋ ರಾತ್ರಿ ಕುಳಿತಿದ್ದೇನೆ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಆಟ ಆರಂಭವಾಗುವುದಿಲ್ಲ. ಮುಖದ ಮೇಲೆ ಅಕ್ಕಿಹಿಟ್ಟು ಸುಣ್ಣದ ‘ಚಿಟ್ಟಿ’ ಎಂಬ ಉಬ್ಬುಚುಕ್ಕೆಗಳನ್ನು ಒಂದೊಂದಾಗಿ ಇಡುತ್ತ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕುಳಿತಿರುತ್ತಿದ್ದ ತಂದೆ ಆ ಹೊತ್ತಿನಲ್ಲಿ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಕಿರೀಟವನ್ನು ಕಣ್ಣಿಗೊತ್ತಿಕೊಳ್ಳದೆ ತಲೆಗೆ ಇಟ್ಟದ್ದನ್ನು ನಾನು ನೋಡಿಲ್ಲ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಲ್ಲಿ ಆಟ ಆಡಿಸುವುದೇ ಹರಕೆ ಸಲ್ಲಿಸುವ ಬಗೆ; ಹರಕೆಯಾಟಕ್ಕಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ದೇವಿಮಹಾತ್ಮೆಯ ಪ್ರಸಂಗದಲ್ಲಿ ದೇವಿಯ ವೇಷ ಕಟ್ಟಿದ ಕಲಾವಿದನಿಗೆ ರಂಗದಲ್ಲೇ ಆರತಿ ಎತ್ತುವಾಗ ಕೈಮುಗಿಯುವ ಅಜ್ಜಿಯಂದಿರಿಗೆ ಆತ ನೆರೆಮನೆಯ ಹುಡುಗನೆಂಬುದು ಗೊತ್ತಿರುವುದಿಲ್ಲವೇ? ಗೊತ್ತಿರುತ್ತದೆ. ಅದು ಅವರ ಭಕ್ತಿಗೆ ಅಡ್ಡಿಯಾಗುವುದಿಲ್ಲ. ‘ಸೋಗು’ ಎಂಬ ಒಂದೇ ಪದದಲ್ಲಿ ನಟನೆಯ ಉಡುಪನ್ನೂ ಮೋಸದ ನಟನೆಯನ್ನೂ ಇಟ್ಟುಕೊಂಡಿರುವ ಕನ್ನಡಿಗರು, ಯಾವುದು ಯಾವಾಗ ಎಂದು ಬಿಡಿಸಿ ನೋಡುವುದನ್ನು ಬಹಳ ಹಿಂದೆಯೇ ಕಲಿತಿದ್ದಾರೆ. ಆ ಹುಡುಗ ತನ್ನ ನಿಲುವಂಗಿಯ ಅಂಚನ್ನು ಮೂರು ಸಲ ಬಿಚ್ಚಿ ಹೊಲಿದೆನೆಂದಾಗ ನನ್ನ ಕಣ್ಣಮುಂದೆ ಬಂದದ್ದು ಕನ್ನಡಿಯ ಮುಂದೆ ಕುಳಿತ ತಂದೆಯ ಬೆನ್ನು.

ಇದಕ್ಕೆ ಎದುರಾಗಿ ಬರಬಹುದಾದ ಮಾತೊಂದು ಗಟ್ಟಿಯಾದದ್ದೇ. ತುಳುನಾಡಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ದೈವದ ವೇಷವನ್ನು ಛದ್ಮವೇಷ ಸ್ಪರ್ಧೆಗಳಲ್ಲಿಯೂ ರೀಲ್ಸ್‌ಗಳಲ್ಲಿಯೂ ಹಾಕಿಕೊಂಡು ಕುಣಿಯುವುದನ್ನು ದೈವಾರಾಧಕರು ಬಲವಾಗಿ ವಿರೋಧಿಸಿದ್ದಾರೆ. ಆ ವಿರೋಧದಲ್ಲಿ ನಾನೂ ಅವರ ಜೊತೆಗಿದ್ದೇನೆ. ಹಾಗಿರುವಾಗ ಜೆಡೈ ಹಿರಿಯರ ವಿರೋಧವನ್ನು ಮಾತ್ರ ತಪ್ಪೆನ್ನುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನಾನು ಕಂಡುಕೊಂಡ ಉತ್ತರ ಇಷ್ಟು. ದೈವದ ವೇಷದಲ್ಲಿ ಬೆನ್ನಿಗೆ ಬರುವ ದೊಡ್ಡ ಅಲಂಕಾರವಾದ ಅಣಿಯನ್ನು ಕಟ್ಟುವ ಹಕ್ಕು ಪಂಬದ, ಪರವ, ನಲಿಕೆ ಸಮುದಾಯಗಳಿಗೆ ತಲೆಮಾರುಗಳಿಂದ ಬಂದದ್ದು. ಅದಕ್ಕೆ ವ್ರತವಿದೆ, ಕಟ್ಟುಪಾಡಿದೆ, ಊರಿನ ಒಪ್ಪಿಗೆ ಬೇಕು. ವೇಷದ ಒಳಗೆ ದೈವವೇ ಬಂದು ನುಡಿ ಕೊಡುತ್ತದೆ ಎಂಬ ನಂಬಿಕೆ ಇದೆ. ಅದನ್ನು ಬಹುಮಾನಕ್ಕಾಗಿ ಎತ್ತಿಕೊಂಡು ಕುಣಿದರೆ ಒಬ್ಬರಿಗೆ ಸೇರಿದ್ದನ್ನು ಕಸಿದಂತೆ. ಜೆಡೈ ನಿಲುವಂಗಿಗೆ ಅಂಥ ಒಡೆಯರಿಲ್ಲ, ಅದರಿಂದ ಯಾರ ಹಕ್ಕೂ ಹೋಗುವುದಿಲ್ಲ. ಅದನ್ನು ತೊಟ್ಟ ಹುಡುಗ ಕುಣಿಯಲು ಬಂದವನೂ ಅಲ್ಲ, ಕಣ್ಣುಮುಚ್ಚಿ ಕೂರಲು ಬಂದವನು.

ಹಿರಿಯರ ದೂರಿನಲ್ಲಿ ನಿಜವಿರುವ ಒಂದು ಭಾಗವನ್ನು ಮುಚ್ಚಿಡಲಾರೆ. ಕೆಲವರು ಕಥೆಯ ಪದವಿಗಳನ್ನು ಹೆಗಲಿಗೇರಿಸಿಕೊಂಡು, ತಾವು ‘ಮಾಸ್ಟರ್’ ಎಂದು ಘೋಷಿಸಿಕೊಂಡು, ಕಲ್ಪಿತ ಪೂರ್ವಚರಿತ್ರೆಯನ್ನು ನಿಜದಂತೆ ಹೇಳಿ ಹೊಸಬರಿಂದ ವಿಧೇಯತೆಯನ್ನು ಕೇಳುತ್ತಾರಂತೆ. ಅಂಥವರನ್ನು ತಡೆಯಲೇಬೇಕು. ಆದರೆ ಆ ಕೆಲಸ ಮಾಡುವವರು ಪ್ಯಾಂಟು ಶರ್ಟಿನಲ್ಲೂ ಇರುತ್ತಾರೆ. ಬಟ್ಟೆಯನ್ನು ನೋಡಿ ಅವರನ್ನು ಗುರುತಿಸಲಾಗದು. ಎಲ್ಲರ ಕಣ್ಣಿಗೂ ಕಾಣುವಂತೆ ವೇಷ ಕಟ್ಟಿದವನು ತಾನು ವೇಷದಲ್ಲಿದ್ದೇನೆಂದು ಒಪ್ಪಿಕೊಂಡೇ ನಿಂತಿರುತ್ತಾನೆ.

ಇನ್ನು ಪುರವಣಿಯ ಚಿತ್ರದಲ್ಲಿದ್ದ ಬಿಳಿ ಕವಚದವರ ವಿಷಯ. ಅಂಥ ವೇಷಧಾರಿಗಳ ಸಂಘಟನೆಗಳಲ್ಲಿ ಹೆಸರಾದದ್ದು ‘501ನೇ ಲೀಜನ್’. ಅಮೆರಿಕದ ಸೌತ್ ಕ್ಯಾರೊಲಿನಾದ ಆಲ್ಬಿನ್ ಜಾನ್ಸನ್ 1997ರಲ್ಲಿ ಆರಂಭಿಸಿದ ಈ ಬಳಗದಲ್ಲಿ ಇಂದು ಹಲವು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ಕವಚವನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳಬೇಕು, ಅದು ನಿಗದಿತ ಮಾದರಿಗೆ ಹೊಂದಿದರೆ ಮಾತ್ರ ಸದಸ್ಯತ್ವ. ಕಾರ್ಯಕ್ರಮಕ್ಕೆ ಹೋದರೆ ಸಂಭಾವನೆ ಪಡೆಯುವಂತಿಲ್ಲ, ಕೊಡುವುದಿದ್ದರೆ ಯಾವುದಾದರೂ ಸೇವಾಸಂಸ್ಥೆಗೆ ಕೊಡಿ ಎನ್ನುತ್ತಾರೆ. ಸ್ಥಾಪಕರ ಪುಟ್ಟ ಮಗಳಿಗೆ ಮಿದುಳಿನ ಕ್ಯಾನ್ಸರ್ ಆದಾಗ, ತನ್ನ ಕಾವಲಿಗೆ ಸಿನಿಮಾದಲ್ಲಿರುವಂಥ ಒಂದು ರೋಬಾಟ್ ಬೇಕೆಂದು ಅವಳು ಆಸೆಪಟ್ಟಳು. ಅವಳಿಗಾಗಿ ಗುಲಾಬಿ ಬಣ್ಣದ ರೋಬಾಟ್ ಸಿದ್ಧವಾಯಿತು. ಮಗು 2005ರಲ್ಲಿ ತೀರಿಕೊಂಡಿತು. ಅವಳ ಹೆಸರಿನ ರೋಬಾಟ್ ಮಾತ್ರ ಇಂದಿಗೂ ಆಸ್ಪತ್ರೆಗಳಲ್ಲಿ ಮಕ್ಕಳ ಬಳಿಗೆ ಹೋಗುತ್ತದೆ, 2015ರ ಸಿನಿಮಾದಲ್ಲೂ ಅದಕ್ಕೆ ಒಂದು ಮೂಲೆ ಸಿಕ್ಕಿತು. ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿಗೂ ಒಮ್ಮೆ ಕವಚಧಾರಿಗಳು ಬಂದಿದ್ದರು. ಸೂಜಿಗೆ ಹೆದರಿ ಎರಡು ದಿನದಿಂದ ಅಳುತ್ತಿದ್ದ ಮಗುವೊಂದು ಖಳಸೈನಿಕನ ಬೆರಳು ಹಿಡಿದುಕೊಂಡು ತೋಳು ಚಾಚಿದ್ದನ್ನು ನಾನು ಮರೆಯಲಾರೆ. ಅಸುರನ ವೇಷ ಕಟ್ಟುತ್ತಿದ್ದ ತಂದೆಯ ತೊಡೆಯ ಮೇಲೆ, ಬಣ್ಣ ಒರೆಸುವ ಮೊದಲೇ ನಿದ್ದೆ ಹೋಗುತ್ತಿದ್ದವರು ನಾವೂ ಅಲ್ಲವೇ? ಸಹಜೀವಿಯ ಸೇವೆಯನ್ನೇ ಮೊದಲ ಕರ್ತವ್ಯವೆಂದು ಸಾರುವ ಪಂಥವೊಂದು, ಯಾವ ಪಂಥವನ್ನೂ ಹೇಳಿಕೊಳ್ಳದೆ ಆ ಕೆಲಸ ಮಾಡುತ್ತಿರುವವರನ್ನು ‘ಬರೀ ವೇಷ’ ಎಂದು ತಳ್ಳಿಹಾಕುವುದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಯಿತು.

ವೇಷದಿಂದಾಗಿಯೇ ನಮಗೆ ಮಾನ್ಯತೆ ಸಿಗುತ್ತಿಲ್ಲ ಎಂಬ ಮಾತನ್ನೂ ಆ ಗುಂಪಿನಲ್ಲಿ ಕೇಳಿದೆ. 2016ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದತ್ತಿಸಂಸ್ಥೆಗಳನ್ನು ನೋಂದಾಯಿಸುವ ಚಾರಿಟಿ ಕಮಿಷನ್, ದತ್ತಿಸಂಸ್ಥೆಯಾಗಿ ನೋಂದಣಿ ಕೋರಿದ ಟೆಂಪಲ್ ಆಫ್ ದಿ ಜೆಡೈ ಆರ್ಡರ್‌ನ ಅರ್ಜಿಯನ್ನು ತಿರಸ್ಕರಿಸಿತು ಎಂಬುದು ಸರಿ. ಆದರೆ ಆ ತೀರ್ಮಾನ ನಿಂತಿದ್ದು ನಿಲುವಂಗಿಯ ಮೇಲಲ್ಲ. ಜೆಡೈ ಮಾರ್ಗವನ್ನು ಅಧ್ಯಾತ್ಮದ ಅಂಶವಿಲ್ಲದೆ ಕೇವಲ ಲೌಕಿಕ ಜೀವನಕ್ರಮವಾಗಿಯೂ ಅನುಸರಿಸಬಹುದು, ಅದರ ನಂಬಿಕೆಗಳಲ್ಲಿ ಧರ್ಮವೊಂದರಲ್ಲಿ ಇರಬೇಕಾದ ಗಟ್ಟಿತನವೂ ಒಗ್ಗಟ್ಟೂ ಕಾಣುತ್ತಿಲ್ಲ ಎಂಬುದು ಕಮಿಷನ್‌ನ ಆಕ್ಷೇಪದ ಸಾರ. ಅಮೆರಿಕದಲ್ಲಿ ಅದೇ ಮಂದಿರಕ್ಕೆ 2015ರಲ್ಲಿ ತೆರಿಗೆ ವಿನಾಯಿತಿ ದೊರೆತಿತ್ತು, ಅಲ್ಲಿಯೂ ವೇಷಧಾರಿಗಳು ಇದ್ದೇ ಇದ್ದರು. ಕಮಿಷನ್ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟದ ಕೆಲಸ, ಒಂದು ನಿಲುವಂಗಿಯನ್ನು ಕಳಚಿಸುವುದು ಸುಲಭ. ಸಂಕೇತ, ಉಡುಪು, ಆಚರಣೆ ಇವೆಲ್ಲವನ್ನೂ ಒಂದೊಂದಾಗಿ ತೆಗೆದುಹಾಕುತ್ತ ಹೋದರೆ ಕೊನೆಗೆ ಉಳಿಯುವುದು ಕಮಿಷನ್ ಹೇಳಿದ ಆ ಲೌಕಿಕ ಜೀವನಕ್ರಮವೇ ಅಲ್ಲವೇ ಎಂದು ಸಹೋದ್ಯೋಗಿಯನ್ನು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು: ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ಚಿತ್ರದಡಿಯ ಬರಹವನ್ನು ತಿದ್ದಿ, ಆ ಕವಚವನ್ನು ತೊಡುವವರು ಯಾರು, ಅವರು ಮಾಡುವ ಕೆಲಸವೇನು ಎಂಬುದನ್ನು ಓದುಗರಿಗೆ ತಿಳಿಸಬೇಕು. ಉದ್ಯಾನದ ಗುಂಪಿಗೆ ಕಳೆದ ಎರಡು ಬಾರಿಯೂ ಆ ಹುಡುಗ ಬಂದಿಲ್ಲ. ನಾನು ಅಲ್ಲಿ ಅತಿಥಿಯಷ್ಟೇ. ಆದರೂ ಈ ಪತ್ರದಲ್ಲಿ ಬರೆದುದನ್ನೆಲ್ಲ ಬರುವ ಭಾನುವಾರ ಆ ಹಿರಿಯರೆದುರು ಹೇಳಿ, ಅವನ ವಿಳಾಸ ಕೇಳಿ, ನಿಲುವಂಗಿಯನ್ನು ತೊಟ್ಟೇ ಬಾ ಎಂದು ಅವರಿಂದಲೇ ಹೇಳಿಸಬೇಕೆಂದಿದ್ದೇನೆ. ಸಹೋದ್ಯೋಗಿ ನನ್ನ ಜೊತೆ ನಿಲ್ಲುವುದಾಗಿ ಒಪ್ಪಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಮೂಲ್ಕಿ ಮೂಲದ ಒಬ್ಬ ಓದುಗ,
ಕಾರ್ಡಿಫ್, ವೇಲ್ಸ್